ಮಗಳ ಎಡಗೈ

ಆ ಸಂಜೆ ಎಮ್ಮೆ ಏನೂ ಮಾಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆಮೇಲೆ ಎಷ್ಟೋ ದಿನ, ಕೇಳಿದವರಿಗೆಲ್ಲ ನಾನು ತಪ್ಪನ್ನು ಎಮ್ಮೆಯ ಮೇಲೆಯೇ ಹಾಕಿ ಹೇಳುತ್ತಿದ್ದೆ.

ಧಾರವಾಡದ ಮಾಳಮಡ್ಡಿಯ ನಮ್ಮ ಓಣಿಗೆ ಸಂಜೆ ಐದರ ಸುಮಾರಿಗೆ ಗೌಳಿಗರ ಏಳೆಂಟು ಎಮ್ಮೆಗಳು ಮೇವು ಮುಗಿಸಿ ಬರುತ್ತವೆ. ಫೇಡಾದ ಊರು ಇದು. ರಸ್ತೆಯ ಮೇಲೆ ಎಮ್ಮೆಗೆ ನಮಗಿಂತ ಹಳೆಯ ಹಕ್ಕಿದೆ, ಅದು ಅದಕ್ಕೂ ಗೊತ್ತು. ಮಗಳಿಗೆ ಆಗ ಒಂದು ವರ್ಷ ಹತ್ತು ತಿಂಗಳು. "ಎಮ್ಮೀ" ಎಂದು ಕೂಗಿ ಆ ಕಡೆ ಹೊರಟಳು. ಓಡಿದಳು ಅನ್ನಲಾರೆ. ಆ ವಯಸ್ಸಿನ ಕೂಸುಗಳು ಮುಂದಕ್ಕೆ ಬೀಳುತ್ತ, ನೆಲ ಸಿಗುವ ಮೊದಲು ಹೇಗೋ ಒಂದು ಕಾಲು ಕೆಳಗಿಡುತ್ತ ಸಾಗುತ್ತವೆ, ಅಷ್ಟೆ. ಸಾಲಿನ ಕೊನೆಯ ಎಮ್ಮೆ ನಿಂತು, ತಲೆ ಹೊರಳಿಸಿ ಅವಳನ್ನು ನೋಡಿತು. ನಾನು ಹಿಂದಿನಿಂದ ಜಿಗಿದು ಅವಳ ಎಡಗೈಯ ಮಣಿಕಟ್ಟು ಹಿಡಿದೆ. ಒಂದೇ ಏಟಿಗೆ ಮೇಲಕ್ಕೆ ಜಗ್ಗಿ ಎತ್ತಿಕೊಂಡೆ.

ಎಮ್ಮೆ ಹೊರಟುಹೋಯಿತು. ಮಗಳ ಅಳು ನಿಲ್ಲಲಿಲ್ಲ.

ಅಂಜಿದಾಳೆ, ಸಮಾಧಾನವಾಗುತ್ತಾಳೆ ಅಂದುಕೊಂಡು ಮನೆಗೆ ತಂದೆ. ಅಳು ಇಳಿಯಿತು. ಆದರೆ ಎಡಗೈ ಎತ್ತಲೊಲ್ಲಳು. ಊತವಿಲ್ಲ, ಗಾಯವಿಲ್ಲ, ಕೆಂಪಾಗಿಲ್ಲ. ಕೈ ಮಾತ್ರ ಸ್ವಲ್ಪ ಮಡಚಿದಂತೆ ಮೈಗೆ ಅಂಟಿಕೊಂಡು ನೇತಾಡುತ್ತಿದೆ. ಬಿಸ್ಕೀಟು ಕೊಟ್ಟರೆ ಬಲಗೈ ಬರುತ್ತದೆ. ಬಲಗೈ ಹಿಡಿದುಕೊಂಡು ಇನ್ನೊಂದು ಬಿಸ್ಕೀಟು ತೋರಿಸಿದರೆ ಬಾಯಿ ಬರುತ್ತದೆ, ಎಡಗೈ ಬರುವುದಿಲ್ಲ. ಓಣಿಯೆಲ್ಲ ನಮ್ಮ ಪಡಸಾಲೆಯಲ್ಲಿ ಸೇರಿತು. ಒಬ್ಬರು "ಎಣ್ಣಿ ಹಚ್ಚಿ ತಿಕ್ರಿ, ಉಳುಕ್ಯದ" ಅಂದರು. ಇನ್ನೊಬ್ಬರಿಗೆ ಎಲುಬು ಕೂಡಿಸುವವರೊಬ್ಬರು ಗೊತ್ತಿದ್ದರು, "ಕೈ ಹಿಡದ್ರ ಸಾಕು, ಗುಣಾ". ನನ್ನ ಹೆಂಡತಿ ಯಾರಿಗೂ ಉತ್ತರ ಕೊಡದೆ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಸ್ಕೂಟರ್ ತೆಗಿ ಎಂದು ಕಣ್ಣಲ್ಲೇ ಹೇಳಿದಳು.

ಡಾಕ್ಟರು ಮಗುವನ್ನು ದೂರದಿಂದಲೇ ಒಂದು ಗಳಿಗೆ ನೋಡಿದರು. ಬಿದ್ದಳೇ ಎಂದು ಕೇಳಲೇ ಇಲ್ಲ. "ಯಾರು ಜಗ್ಗಿದ್ರಿ?" ಅಂದರು.

ನಾನು ಎಮ್ಮೆಯ ಕಥೆ ಹೇಳಿದೆ. ಅವರು ಎಮ್ಮೆಯ ಭಾಗವನ್ನು ಪೂರ್ತಿ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಒಂದು ಕೈಯಿಂದ ಅವಳ ಮೊಣಕೈ ಹಿಡಿದು, ಇನ್ನೊಂದರಿಂದ ಮುಂಗೈಯನ್ನು ಅಂಗೈ ಕೆಳಗಾಗುವಂತೆ ತಿರುವಿದರು. ನನಗೆ ಏನೂ ಕೇಳಿಸಲಿಲ್ಲ, ಅವರ ಬೆರಳಿಗೆ ಮಾತ್ರ ಒಂದು ಸಣ್ಣ 'ಟಕ್' ತಿಳಿಯಿತಂತೆ. ಕೂಸು ಒಮ್ಮೆ ಚೀರಿತು. ಹೊರಗೆ ಬೆಂಚಿನ ಮೇಲೆ ಕುಂದ್ರಿ ಅಂದರು. ಹತ್ತು ನಿಮಿಷದ ನಂತರ ಒಳಗೆ ಕರೆದಾಗ ಮಗಳು ಮೇಜಿನ ಮೇಲಿದ್ದ ಅವರ ಪೆನ್ನಿಗೆ ಎಡಗೈ ಚಾಚಿದಳು.

ಪುಲ್ಡ್ ಎಲ್ಬೋ ಅನ್ನುತ್ತಾರೆ ಇದಕ್ಕೆ. ಮುಂಗೈಯ ಎರಡು ಎಲುಬುಗಳಲ್ಲಿ ಒಂದರ ತುದಿಯನ್ನು ಮೊಣಕೈ ಹತ್ತಿರ ಉಂಗುರದಂಥ ಒಂದು ಪಟ್ಟಿ ಹಿಡಿದಿಟ್ಟಿರುತ್ತದೆ. ಸಣ್ಣ ಮಕ್ಕಳಲ್ಲಿ ಅದು ಇನ್ನೂ ಸಡಿಲ. ಕೈ ನೆಟ್ಟಗಿರುವಾಗ ತಟ್ಟನೆ ಜಗ್ಗಿದರೆ ಎಲುಬು ಆ ಉಂಗುರದಿಂದ ಅರ್ಧ ಜಾರುತ್ತದೆ, ಪಟ್ಟಿ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದರಿಂದ ನಾಲ್ಕು ವರ್ಷದೊಳಗೆ ಹೆಚ್ಚು, ಐದರ ಹೊತ್ತಿಗೆ ಪಟ್ಟಿ ಬಲಿಯುತ್ತದೆ. ಬಲಗೈಗಿಂತ ಎಡಗೈಗೇ ಹೆಚ್ಚು ಆಗುತ್ತದೆ. ಯಾಕೆ ಎಂದು ಕೇಳಿದೆ. "ನೀವು ಬಲಗೈಲೆ ಹಿಡೀತೀರಲ್ಲ" ಅಂದರು. ದೊಡ್ಡವರು ತಮ್ಮ ಬಲಗೈ ಕೊಟ್ಟರೆ ಪಕ್ಕದಲ್ಲಿ ನಡೆಯುವ ಕೂಸಿನ ಎಡಗೈಯೇ ಸಿಗುತ್ತದೆ. ಎರಡೂ ಕೈ ಹಿಡಿದು ಗಿರಗಿರ ತಿರುಗಿಸುವುದು, ಅಪ್ಪ ಒಂದು ಕೈ ಅವ್ವ ಒಂದು ಕೈ ಹಿಡಿದು ಜೋಕಾಲಿ ಆಡಿಸುವುದು, ಅಂಗಿಯ ತೋಳಿನಿಂದ ಕೈ ಎಳೆದು ತೆಗೆಯುವುದು, ಎಲ್ಲವೂ ಇದೇ ದಾರಿ. ಎತ್ತುವುದಾದರೆ ಕಂಕುಳಲ್ಲಿ ಕೈ ಹಾಕಿ ಎತ್ತಿ ಅಂದರು. ಒಮ್ಮೆ ಜಾರಿದ ಕೀಲು ಮತ್ತೆ ಜಾರಬಹುದು ಎಂಬುದನ್ನೂ ಹೇಳಿ ಕಳಿಸಿದರು.

ವಾಪಸು ಬರುವಾಗ ಹೆಂಡತಿ ಹಿಂದಿನ ಸೀಟಿನಿಂದ ಒಂದೇ ಮಾತು ಹೇಳಿದಳು: "ಹಿಂಗ ಆದ್ರ ಎಮ್ಮೀನ ಛೋಲೋ."

*

ಅದಾದ ಮೇಲೆ ಒಂದು ವಾರ ನಾನು ಮಗಳನ್ನು ಕೆಳಗೇ ಬಿಡಲಿಲ್ಲ. ಸಂಜೆ ಹೊರಗೆ ಹೋದರೂ ಹೆಗಲ ಮೇಲೆ. ಅವಳು ಕಾಲು ಬಡಿಯುವಳು, ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸುವಳು, ನನ್ನ ಕಿವಿ ಹಿಡಿದು ತಿರುವುವಳು. ಕೆಳಗಿಳಿದರೆ ನನಗೆ ಅಂಜಿಕೆ, ಮೇಲಿದ್ದರೆ ಅವಳಿಗೆ ಸಿಟ್ಟು. ಓಣಿಯ ಕಟ್ಟೆಯ ಮೇಲೆ ಕೂಡುವ ಅಜ್ಜ ಒಬ್ಬರು ನಾಲ್ಕನೆಯ ದಿನ ಕೇಳಿಯೇಬಿಟ್ಟರು: "ಸರ, ಆ ಹುಡುಗಿಗೆ ಕಾಲು ಕೊಟ್ಟಾನ ದೇವರು. ನೀವ್ಯಾಕ ಕಸಗೊಂಡೀರಿ?"

ಮಾತು ಮುಳ್ಳಿನಂತೆ ಒಳಗೆ ಉಳಿಯಿತು. ರಾತ್ರಿ ಅವಳು ಮಲಗಿದ ಮೇಲೆ ಮೊಬೈಲಿನಲ್ಲಿ ಓದತೊಡಗಿದೆ. ನಾನು ಪಿಯು ಕಾಲೇಜಿನಲ್ಲಿ ಲೆಕ್ಕ ಕಲಿಸುವವನು, ಅಂಕಿ ಸಿಕ್ಕರೆ ನನಗೆ ನಿದ್ದೆ ಬರುತ್ತದೆ. ಆ ರಾತ್ರಿ ಸಿಕ್ಕ ಅಂಕಿ ನಿದ್ದೆ ಕೆಡಿಸಿತು. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ. ನ್ಯೂಯಾರ್ಕಿನ ಸಂಶೋಧಕಿ ಕ್ಯಾರೆನ್ ಅಡಾಲ್ಫ್ ಮತ್ತು ಜೊತೆಯವರು ಹನ್ನೆರಡರಿಂದ ಹತ್ತೊಂಬತ್ತು ತಿಂಗಳ ಮಕ್ಕಳು ತಮ್ಮ ಪಾಡಿಗೆ ಆಡುವುದನ್ನು ಚಿತ್ರಿಸಿ ಹೆಜ್ಜೆ ಎಣಿಸಿದ್ದಾರೆ. ಒಂದು ತಾಸಿಗೆ ಸರಾಸರಿ 2368 ಹೆಜ್ಜೆ. ದೂರ ಸುಮಾರು 700 ಮೀಟರು. ಬಿದ್ದದ್ದು 17 ಸಲ.

ತಾಸಿಗೆ ಹದಿನೇಳು ಸಲ! ನಾನಾದರೆ ಎರಡನೆಯ ಸಲಕ್ಕೆ ನಡಿಗೆಗೇ ಶರಣು ಹೊಡೆದು ಕೂತುಬಿಡುತ್ತಿದ್ದೆ. ಅಂದರೆ ಆ ಒಂದು ವಾರ ನಾನು ಅವಳನ್ನು ಕಾಪಾಡಿದ್ದು ಯಾವುದರಿಂದ? ಅವಳ ಆ ದಿನದ ಅಭ್ಯಾಸದಿಂದ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯೂ ಅದೇ ರಾತ್ರಿ ಕಣ್ಣಿಗೆ ಬಿತ್ತು. ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು. ತಳ್ಳುಗಾಡಿಯಲ್ಲಾಗಲಿ, ಎತ್ತರದ ಕುರ್ಚಿಯಲ್ಲಾಗಲಿ, ಬೆನ್ನಿಗೆ ಕಟ್ಟಿಕೊಂಡಾಗಲಿ ಒಂದೇ ಸಮ ಒಂದು ತಾಸಿಗಿಂತ ಹೆಚ್ಚು ಕಟ್ಟಿಹಾಕಬಾರದು. ಹೆಗಲ ಮೇಲೆ ಹೊತ್ತ ಅಪ್ಪಂದಿರ ಬಗ್ಗೆ ಅಲ್ಲಿ ಬರೆದಿಲ್ಲ. ನನ್ನ ಬಗ್ಗೆಯೇ ಬರೆದಂತೆ ಮಾತ್ರ ಅನಿಸಿತು.

ಮರುದಿನ ಕೆಳಗಿಳಿಸಿದೆ. ಎಣಿಸಿದೆ ಕೂಡ, ಚಟ. ಗೇಟಿನಿಂದ ಬೇವಿನ ಮರದವರೆಗೆ ಆರು ಸಲ ಬಿದ್ದಳು. ಐದು ಸಲ ಕುಂಡಿಯ ಮೇಲೆ, ಒಂದು ಸಲ ಎರಡೂ ಅಂಗೈಯ ಮೇಲೆ. ಅತ್ತದ್ದು ಒಮ್ಮೆಯೂ ಇಲ್ಲ. ಕೈಯ ಮಣ್ಣು ನನ್ನ ಪ್ಯಾಂಟಿಗೆ ಒರೆಸಿ ಮುಂದೆ ಹೋದಳು.

ಹಾಗಾದರೆ ನಾನು ಅಂಜಬೇಕಾದ್ದು ಯಾವುದಕ್ಕೆ? ಬೀಳುವುದಕ್ಕಲ್ಲವಾದರೆ?

ಇದಕ್ಕೆ ಉತ್ತರ ಸಿಕ್ಕಿದ್ದು ಪುಸ್ತಕದಲ್ಲಲ್ಲ, ಕುಕ್ಕರಗಾಲಿನಲ್ಲಿ. ಎರಡು ವರ್ಷದ ಹೆಣ್ಣುಮಗುವಿನ ಸರಾಸರಿ ಎತ್ತರ ಸುಮಾರು 86 ಸೆಂಟಿಮೀಟರು, ನನ್ನ ಸೊಂಟಕ್ಕಿಂತ ಕೆಳಗೆ. ಒಂದು ಸಂಜೆ ಶೂ ಲೇಸು ಕಟ್ಟುವವನಂತೆ ಓಣಿಯ ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಅಲ್ಲಿಂದ ಸುತ್ತ ನೋಡಿದೆ. ನೀವೂ ಒಮ್ಮೆ ನೋಡಿ, ನಿಮ್ಮ ಓಣಿ ನಿಮಗೇ ಗುರುತು ಸಿಗುವುದಿಲ್ಲ. ಮೊದಲು ಕಂಡದ್ದು ಸಾಲಾಗಿ ನಿಲ್ಲಿಸಿದ ಬೈಕುಗಳ ಸೈಲೆನ್ಸರು. ಸರಿಯಾಗಿ ಅವಳ ಕಾಲ ಮೀನಖಂಡದ ಮಟ್ಟದಲ್ಲಿ, ಈಗಷ್ಟೇ ನಿಂತ ಬೈಕಿನದಾದರೆ ಕಾದ ಹಂಚು. ಮೂಲೆಯ ಮಿರ್ಚಿ ಭಜಿ ಗಾಡಿ ನನಗೆ ಇಷ್ಟು ವರ್ಷ ಬರೀ ವಾಸನೆಯಾಗಿತ್ತು. ಕೆಳಗಿನಿಂದ ನೋಡಿದರೆ ಕಾಣುವುದು ಗಾಡಿಯ ಅಂಚಿನಿಂದ ಹೊರಗೆ ಚಾಚಿಕೊಂಡ ಬಾಣಲೆಯ ಹಿಡಿಕೆ, ಜೋತುಬಿದ್ದ ಅರಿವೆಯ ತುದಿ. ಅದನ್ನು ಕೂಸು ಹಿಡಿದು ಎಳೆಯಿತೆನ್ನಿ, ಮೇಲೆ ಕಾದ ಎಣ್ಣೆ. ಗಟಾರದ ಮೇಲಿನ ಹಾಸುಗಲ್ಲುಗಳ ನಡುವೆ ನನ್ನ ಕಾಲು ಗಮನಿಸದೆ ದಾಟುವ ಸಂದಿ, ಅವಳ ಕಾಲು ಇಡಿಯಾಗಿ ಇಳಿಯುವಷ್ಟು ಅಗಲ. ಹಿಂದಕ್ಕೆ ಬರುತ್ತಿದ್ದ ಒಂದು ಕಾರು. ಅದರ ಹಿಂದಿನ ಗಾಜು ನನ್ನ ತಲೆಗಿಂತ ಮೇಲಿತ್ತು. ನಾನು ಅವರಿಗೆ ಕಾಣುತ್ತಿಲ್ಲ ಎಂಬುದು ಹೊಟ್ಟೆಯಲ್ಲಿ ತಿಳಿಯಿತು, ಎದ್ದು ನಿಂತೆ.

ನೋಡಿ, ಇವುಗಳಲ್ಲಿ ಯಾವುದರ ಬಗ್ಗೆಯೂ ನಾನು ಅವಳಿಗೆ ಇದುವರೆಗೆ "ಹುಷಾರ್" ಎಂದಿರಲಿಲ್ಲ. ಹುಷಾರ್ ಎಂದದ್ದೆಲ್ಲ ಪಾವಟಿಗೆ ಹತ್ತುವಾಗ, ಕೆಸರಿಗೆ ಇಳಿಯುವಾಗ, ಇರುವೆ ಸಾಲಿನ ಮುಂದೆ ಕೂತಾಗ.

ಹೂವಿನ ವಿಷಯ ಬೇರೆಯಾಗಿಯೇ ಹೇಳಬೇಕು. ನಮ್ಮ ಊರ ರಸ್ತೆಗಳ ನಡುವೆ, ಉದ್ಯಾನಗಳ ಬೇಲಿಗೆ ಕಣಗಿಲೆ ಹಚ್ಚುತ್ತಾರೆ. ದನ ಮುಟ್ಟುವುದಿಲ್ಲ, ನೀರಿಲ್ಲದಿದ್ದರೂ ಬದುಕುತ್ತದೆ, ಗುಲಾಬಿ ಬಣ್ಣದ ಹೂ ಚೆಂದ. ದನ ಯಾಕೆ ಮುಟ್ಟುವುದಿಲ್ಲ ಎಂದು ನಾನು ಯೋಚಿಸಿರಲಿಲ್ಲ. ಎಲೆ, ಹೂ, ಕಾಂಡ, ಬೀಜ ಎಲ್ಲವೂ ವಿಷ, ಹೃದಯದ ಬಡಿತಕ್ಕೇ ಕೈ ಹಾಕುವ ವಿಷ. ಹಳದಿ ಹೂವಿನದೂ ಹಾಗೆಯೇ. ಕಂಡದ್ದೆಲ್ಲ ಬಾಯಿಗೆ ಹಾಕುವ ವಯಸ್ಸಿನಲ್ಲಿ ಇದೊಂದಕ್ಕೆ ನಾನು ರಾಜಿಯಾಗುವುದಿಲ್ಲ. ಹಾಗೆಯೇ ಶೇಂಗಾಕ್ಕೆ. ಉದ್ಯಾನದಲ್ಲಿ ಪ್ರೀತಿಯಿಂದ ನಾಲ್ಕು ಶೇಂಗಾಕಾಳು ಕೂಸಿನ ಕೈಗೆ ಇಡುವ ಹಿರಿಯರಿಗೆ ಬೇಡ ಎನ್ನುವುದು ನನಗೆ ಇಂದಿಗೂ ಕಷ್ಟ. ದವಡೆ ಹಲ್ಲು ಪೂರ್ತಿ ಬಾರದ ಬಾಯಿಗೆ ಇಡೀ ಕಾಳು, ಅದೂ ಓಡುತ್ತ ನಗುತ್ತ ತಿನ್ನುವಾಗ, ಶ್ವಾಸನಾಳಕ್ಕೆ ಇಳಿಯಲು ಒಂದು ಬಿಕ್ಕು ಸಾಕು. "ಫೇಡೆ ಇದ್ರ ಕೊಡ್ರಿ, ಇಬ್ಬರೂ ತಿಂತೀವಿ" ಎಂದು ನಗಿಸಿ ತಪ್ಪಿಸಿಕೊಳ್ಳುವುದನ್ನು ಈಗ ಕಲಿತಿದ್ದೇನೆ.

*

ಈಗ ನಮ್ಮ ದಾರಿಗೆ ಮೂರು ಬಗೆಯ ನೆಲ. ಎತ್ತಿಕೊಳ್ಳುವ ನೆಲ, ಹಿಡಿಯುವ ನೆಲ, ಬಿಡುವ ನೆಲ.

ಎತ್ತಿಕೊಳ್ಳುವ ನೆಲದಲ್ಲಿ ಮಾತುಕತೆಯಿಲ್ಲ. ಟೋಲ್ ನಾಕಾ ಕಡೆ ಹೋಗಬೇಕಾದರೆ ವೇಗದ ಬಸ್ಸುಗಳಿಗೆಂದೇ ದಾರಿ ಬಿಟ್ಟ ಬಿಆರ್‌ಟಿಎಸ್ ರಸ್ತೆ ದಾಟಬೇಕು. 2018ರಲ್ಲಿ ಚಿಗರಿ ಬಸ್ಸುಗಳು ಶುರುವಾದ ಮೇಲೆ ಹುಬ್ಬಳ್ಳಿಗೆ ಹೋಗುವುದು ಸುಲಭವಾಯಿತು, ರಸ್ತೆ ದಾಟುವುದು ಒಂದು ವಿದ್ಯೆಯಾಯಿತು. ಬದಿಯಲ್ಲಿ ಉಳಿದ ವಾಹನಗಳು, ನಡುವೆ ಎರಡೂ ದಿಕ್ಕಿನ ಬಸ್ಸಿನ ದಾರಿ. ಬದಿಯದನ್ನು ದಾಟಿ ಉಸಿರು ಬಿಡುವಷ್ಟರಲ್ಲಿ ಹೆಸರಿಗೆ ತಕ್ಕಂತೆ ಜಿಂಕೆಯ ವೇಗದಲ್ಲಿ ಚಿಗರಿ ಬಂದಿರುತ್ತದೆ. ಬರುವ ವಾಹನದ ವೇಗ ಅಳೆಯುವುದು ಶಾಲೆಗೆ ಹೋಗುವ ಮಕ್ಕಳಿಗೇ ಬರುವುದಿಲ್ಲ, ಎರಡು ವರ್ಷದವಳಿಗೆ ಅದನ್ನು ಕಲಿಸುತ್ತೇನೆ ಎನ್ನುವುದು ನನ್ನ ಮೂರ್ಖತನವಾದೀತು. ಕಂಕುಳಲ್ಲಿ ಕೈ ಹಾಕಿ ಎತ್ತುತ್ತೇನೆ, ಅಳಲಿ, ಕಚ್ಚಲಿ, ದಾಟಿದ ಮೇಲೆಯೇ ಇಳಿಸುವುದು.

ಬಿಡುವ ನೆಲ ಕರ್ನಾಟಕ ಕಾಲೇಜಿನ ಮೈದಾನ. 1917ರ ಕಾಲೇಜು, ನೆರಳೂ ಅಷ್ಟೇ ಹಳೆಯದು. ಅಲ್ಲಿ ನಾನು ಹತ್ತು ಹೆಜ್ಜೆ ಹಿಂದೆ ಉಳಿಯುತ್ತೇನೆ. ಮೊದಮೊದಲು ಮೂರು ಹೆಜ್ಜೆಯಾಗಿತ್ತು, ಅದೂ ಕೈ ಮುಂದೆ ಚಾಚಿಕೊಂಡು, ಕೋಳಿ ಹಿಡಿಯುವವನಂತೆ. ಬೇರು ಎಡವುತ್ತಾಳೆ, ಕಲ್ಲು ಹತ್ತುತ್ತಾಳೆ, ಹತ್ತಿದ್ದನ್ನು ಇಳಿಯಲು ಗೊತ್ತಾಗದೆ ನನ್ನ ಕಡೆ ನೋಡುತ್ತಾಳೆ. ಆಗ ನಾನು ಹೋಗಿ ಇಳಿಸುವುದಿಲ್ಲ. "ಹಿಂದ್ಮುಂದಾಗಿ, ಹೊಟ್ಟಿ ಮ್ಯಾಲೆ" ಎನ್ನುತ್ತೇನೆ. ಹೊಟ್ಟೆಯ ಮೇಲೆ ಮಲಗಿ ಕಾಲು ಕೆಳಗೆ ಬಿಟ್ಟು ನೆಲ ತಡಕುವುದನ್ನು ಅವಳು ಮೂರು ದಿನದಲ್ಲಿ ಕಲಿತಳು. ಅವಳೇ ಹತ್ತಬಲ್ಲ ಕಲ್ಲಿಗೆ ಹತ್ತಲಿ, ನಾನಾಗಿ ಎತ್ತಿ ಯಾವ ಕಲ್ಲಿನ ಮೇಲೂ ನಿಲ್ಲಿಸುವುದಿಲ್ಲ ಎಂಬುದು ನನ್ನ ಕರಾರು. ತಾನೇ ಹತ್ತಿದ ಎತ್ತರದಿಂದ ಬಿದ್ದರೆ ಸಾಮಾನ್ಯವಾಗಿ ಅಷ್ಟೇ ಎತ್ತರದ ಗಾಯ. ಸಾಧನಕೇರಿಗೆ ಹೋದ ದಿನ ಮಾತ್ರ ಈ ಹತ್ತು ಹೆಜ್ಜೆಯ ಲೆಕ್ಕವಿಲ್ಲ. ನೀರಿದ್ದಲ್ಲಿ ಒಂದು ತೋಳಿನ ಅಳತೆ, ಅದಕ್ಕಿಂತ ಒಂದು ಇಂಚೂ ಹೆಚ್ಚಿಲ್ಲ.

ಕಷ್ಟದ್ದು ನಡುವಿನ ನೆಲ, ನಮ್ಮ ಓಣಿಯೇ. ಎತ್ತಿಕೊಳ್ಳುವಷ್ಟು ಅಪಾಯವಿಲ್ಲ, ಬಿಡುವಷ್ಟು ನಂಬಿಕೆಯಿಲ್ಲ. ಇಲ್ಲಿಯೇ ನಾನು ಕೈ ಹಿಡಿಯುವುದನ್ನು ಮರಳಿ ಕಲಿಯಬೇಕಾಯಿತು. ಮೊದಲು ಮಣಿಕಟ್ಟು ಹಿಡಿಯುತ್ತಿದ್ದೆ, ಬಿಗಿ ನನ್ನದು, ಅವಳು ಕೊಸರಿದಷ್ಟೂ ಬಿಗಿ ಹೆಚ್ಚು. ಈಗ ತೋರುಬೆರಳು ಕೊಡುತ್ತೇನೆ. ಹಿಡಿಯುವವಳು ಅವಳು. ಬೇಡವೆಂದರೆ ಬಿಡುತ್ತಾಳೆ, ಬಿಟ್ಟದ್ದು ನನಗೆ ತಕ್ಷಣ ತಿಳಿಯುತ್ತದೆ. ತಿಳಿದಾಗ ಜಗ್ಗುವ ಬದಲು ಅವಳಿಗೂ ರಸ್ತೆಗೂ ನಡುವೆ ಬಂದು ನಿಲ್ಲುತ್ತೇನೆ. ಅವಳು ಯಾವಾಗಲೂ ಮನೆಗೋಡೆಯ ಕಡೆ, ನಾನು ರಸ್ತೆಯ ಕಡೆ. ಹೋಗುವಾಗ ಒಂದು ಬೆರಳು, ಬರುವಾಗ ಇನ್ನೊಂದು ಕೈಯ ಬೆರಳು.

ಬೆರಳು ಬಿಟ್ಟು ಓಡಿದರೆ? ಅದಕ್ಕೊಂದು ಶಬ್ದ ಇಟ್ಟುಕೊಂಡಿದ್ದೇವೆ: "ನಿಂದ್ರು." ಮನೆಯ ಪಡಸಾಲೆಯಲ್ಲಿ ಆಟವಾಗಿ ಶುರುವಾಯಿತು. ನಾನು "ನಡಿ" ಅಂದರೆ ಅವಳು ಕುಣಿಯುತ್ತ ನಡೆಯಬೇಕು, "ನಿಂದ್ರು" ಅಂದರೆ ಕಲ್ಲಾಗಬೇಕು. ನಿಂತರೆ ನಾನು ಚಪ್ಪಾಳೆ ತಟ್ಟಿ ಕುಣಿಯಬೇಕು, ಅದೇ ಅವಳಿಗೆ ಬಹುಮಾನ. ದಿನಕ್ಕೆ ಇಪ್ಪತ್ತು ಸಲ, ಎರಡು ವಾರ. ಆಮೇಲೆ ಅಂಗಳ, ಆಮೇಲೆ ಓಣಿ. ಮನೆಯಲ್ಲಿ ಎಲ್ಲರಿಗೂ ಒಂದು ಕಟ್ಟಪ್ಪಣೆ ಹಾಕಿದೆ: ಆಟ ಬಿಟ್ಟರೆ ಈ ಶಬ್ದ ರಸ್ತೆಗೆ ಮಾತ್ರ. ಊಟ ಚೆಲ್ಲಿದರೆ, ಗೋಡೆಗೆ ಬರೆದರೆ, ಬೆಕ್ಕಿನ ಬಾಲ ಜಗ್ಗಿದರೆ ಬೇರೆ ಏನಾದರೂ ಅನ್ನಿ. ಎಲ್ಲದಕ್ಕೂ ನಿಂದ್ರು ಅಂದರೆ ಅದೂ "ಹುಷಾರ್" ಆಗಿಬಿಡುತ್ತದೆ, ಕಿವಿಗೆ ಬಿದ್ದು ಕಾಲಿಗೆ ಇಳಿಯದ ಶಬ್ದ. ಹತ್ತರಲ್ಲಿ ಎಂಟು ಸಲ ನಿಲ್ಲುತ್ತಾಳೆ ಈಗ. ಉಳಿದ ಎರಡಕ್ಕಾಗಿಯೇ ನಾನು ರಸ್ತೆಯ ಕಡೆ ಇರುವುದು.

ನಾಯಿಗಳ ಮುಂದೆಯೂ ಇದೇ ಶಬ್ದ ಕೆಲಸಕ್ಕೆ ಬರುತ್ತದೆ. ಓಡುವ ಸಣ್ಣದರ ಹಿಂದೆ ಓಡುವುದು ನಾಯಿಯ ಗುಣ. ನಿಂತರೆ ಅದು ಮೂಸಿ ಹೋಗುತ್ತದೆ. ಕಚ್ಚಿದರೆ, ಪರಚಿದರೆ, ಗಾಯದ ಮೇಲೆ ನೆಕ್ಕಿದರೂ ಸರಿ, ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ. ಅರಿಶಿನ, ಸುಣ್ಣ, ಖಾರಪುಡಿ ಯಾವುದೂ ಬೇಡ. ಇದರಲ್ಲಿ ಚರ್ಚೆಯೇ ಇಲ್ಲ, ಮುಂದೆ ಹೋಗುತ್ತೇನೆ.

*

ಪಟ್ಟಿಯ ಕಥೆ ಹೇಳದಿದ್ದರೆ ಹೆಂಡತಿ ಬಿಡುವುದಿಲ್ಲ. ಹೊರದೇಶದಲ್ಲಿರುವ ನನ್ನ ತಮ್ಮ ಕೈ ಜಾರಿದ ಸುದ್ದಿ ಕೇಳಿ ಒಂದು ಪುಟ್ಟ ಬೆನ್ನುಚೀಲ ಕಳಿಸಿದ. ಗುಬ್ಬಿಯ ಆಕಾರ, ಎದೆಗೆ ಬಿಗಿಯುವ ಬೆಲ್ಟು, ಹಿಂದಿನಿಂದ ಒಂದೂವರೆ ಮೀಟರಿನ ಪಟ್ಟಿ, ಅದರ ತುದಿ ನಮ್ಮ ಕೈಯಲ್ಲಿ. ಮೊದಲ ದಿನ ಕಟ್ಟಿಕೊಂಡು ಓಣಿಗೆ ಇಳಿದದ್ದೇ ತಡ, ಕಟ್ಟೆಯ ಅಜ್ಜ: "ಸರ, ಆಡಿನ ಮರೀನ ಎಷ್ಟಕ್ಕ ತಂದ್ರಿ?" ಮೂರು ಮನೆಗಳ ಬಾಗಿಲಲ್ಲಿ ನಗು. ನನ್ನ ಕಿವಿ ಕಾದವು. ಪಟ್ಟಿ ಕಪಾಟು ಸೇರಿತು.

ಆದರೆ ಅಜ್ಜನ ನಗುವಿನಲ್ಲಿ ನನಗೊಂದು ಕಿರಿಕಿರಿಯೂ ಉಳಿಯಿತು. ಎದುರಿನ ನಿವೇಶನದಲ್ಲಿ ಆಗ ಮನೆ ಕಟ್ಟುತ್ತಿದ್ದರು. ಅಲ್ಲಿ ಬುಟ್ಟಿ ಹೊರುವ ಹೆಣ್ಣುಮಗಳೊಬ್ಬಳು ತನ್ನ ಕೂಸಿನ ಸೊಂಟಕ್ಕೆ ಹಳೆ ಸೀರೆಯ ತುಂಡು ಕಟ್ಟಿ, ಇನ್ನೊಂದು ತುದಿಯನ್ನು ಗಿಡದ ಬೊಡ್ಡೆಗೆ ಬಿಗಿದು ದಿನವೆಲ್ಲ ದುಡಿಯುತ್ತಿದ್ದಳು. ಅದನ್ನು ನೋಡಿ ಯಾರೂ ನಗಲಿಲ್ಲ, ಯಾರಿಗೂ ಅದು ಕಂಡೇ ಇರಲಿಲ್ಲ. ಕಟ್ಟದಿದ್ದರೆ ಆ ಕೂಸು ನೇರ ಸಿಮೆಂಟು ಕಲಸುವ ಯಂತ್ರದ ಬುಡಕ್ಕೆ ಹೋಗುತ್ತಿತ್ತು. ಅವಳಿಗೆ ಅದು ಅತಿ ಕಾಳಜಿಯೂ ಅಲ್ಲ, ಅನಾದರವೂ ಅಲ್ಲ. ಬೇರೆ ಕೈ ಇರಲಿಲ್ಲ, ಅಷ್ಟೆ.

ಪಟ್ಟಿ ಮತ್ತೆ ಹೊರಬಂದದ್ದು ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ. 1507 ಮೀಟರು ಉದ್ದದ ಪ್ಲಾಟ್‌ಫಾರ್ಮ್ ಅದು, 2023ರಲ್ಲಿ ಉದ್ಘಾಟನೆಯಾದಾಗ ಜಗತ್ತಿನಲ್ಲೇ ಉದ್ದದ್ದೆಂದು ಸುದ್ದಿಯಾಗಿತ್ತು. ಓಡುವ ಚಟದ ಕೂಸಿಗೆ ಒಂದೂವರೆ ಕಿಲೋಮೀಟರು ಅಡೆತಡೆಯಿಲ್ಲದ ನೆಲ, ಒಂದು ಬದಿಗೆ ಹಳಿ. ನನ್ನ ಎರಡೂ ಕೈಯಲ್ಲಿ ಚೀಲ. ಅಲ್ಲಿ ನಾನು ನಾಚಲಿಲ್ಲ. ಶಿವರಾತ್ರಿಯ ಜಾತ್ರೆಗೆ ಮಠಕ್ಕೆ ಹೋದಾಗಲೂ ಕಟ್ಟಿದೆ, ಜೇಬಿನಲ್ಲಿ ಫೋನ್ ನಂಬರು ಬರೆದ ಚೀಟಿಯನ್ನೂ ಇಟ್ಟೆ. ದಿನನಿತ್ಯದ ಓಣಿಗೆ ಅದನ್ನು ಕಟ್ಟಲು ಮಾತ್ರ ನನಗೆ ಈಗಲೂ ಮನಸ್ಸಿಲ್ಲ. ಪಟ್ಟಿ ಕೈಯಲ್ಲಿದ್ದರೆ ನಾನು ಮೊಬೈಲು ನೋಡತೊಡಗುತ್ತೇನೆ, ಅದು ನನ್ನ ಅನುಭವ.

ಅವ್ವ ಪಟ್ಟಿ ನೋಡಿ ನಗಲಿಲ್ಲ. "ನಾವು ಉಡದಾರ ಹಿಡಕೋತಿದ್ವಿ" ಅಂದಳು. ಬಾವಿ ಕಟ್ಟೆಯ ಹತ್ತಿರ, ಒಲೆಯ ಹತ್ತಿರ ಹಿಂದಿನಿಂದ ಎರಡು ಬೆರಳು ಉಡದಾರಕ್ಕೆ ಸಿಕ್ಕಿಸಿದರೆ ಆಯಿತು. ಕಾಲಿಗೆ ಗೆಜ್ಜೆಯನ್ನೂ ಚೆಂದಕ್ಕಷ್ಟೇ ಹಾಕುತ್ತಿರಲಿಲ್ಲವಂತೆ. "ರೊಟ್ಟಿ ಬಡಿಯೋವಾಗ ಕಣ್ಣು ಹಂಚಿನ ಮ್ಯಾಲೆ, ಕಿವಿ ಗೆಜ್ಜಿ ಮ್ಯಾಲೆ. ಸಪ್ಪಳ ಇದ್ರ ಅಂಜಿಕಿಲ್ಲ. ಸಪ್ಪಳ ನಿಂತ್ರ ಏಳಬೇಕು." ಮರುದಿನವೇ ಮಗಳಿಗೆ ಗೆಜ್ಜೆ ತಂದೆ. ಮೈದಾನದಲ್ಲಿ ಹತ್ತು ಹೆಜ್ಜೆ ಹಿಂದೆ ಉಳಿಯುವ ಧೈರ್ಯ ನನಗೆ ಬಂದದ್ದು ಆ ಸಪ್ಪಳದಿಂದಲೇ. ಗೆಜ್ಜೆಯ ಬಿಡಿ ಮಣಿಗಳನ್ನು ಮಾತ್ರ ವಾರಕ್ಕೊಮ್ಮೆ ಎಳೆದು ನೋಡುತ್ತೇನೆ, ಕಳಚಿದರೆ ಅವೂ ಬಾಯಿಗೇ ಹೋಗುವಂಥವು.

ಅವ್ವನ ಊರು ಗದಗ ಜಿಲ್ಲೆಯ ಒಂದು ಹಳ್ಳಿ. ದೀಪಾವಳಿಗೆ ಹೋದಾಗ ನಾನು ಮಗಳನ್ನು ಹೊಲದಲ್ಲಿ ಬಿಟ್ಟು ನಿರಾಳವಾಗಿ ಕೂತೆ. ಬೈಕಿಲ್ಲ, ಗಟಾರವಿಲ್ಲ, ಕಣ್ಣು ಹಾಯುವಷ್ಟು ಎರೆಭೂಮಿ. ಅವ್ವ ಎದ್ದು ಬಂದು, "ಹೊಂಡ ಎಲ್ಲೈತಿ ನೋಡೀ ಏನು?" ಎಂದಳು. ನೋಡಿರಲಿಲ್ಲ. ಜೋಳದ ಹೊಲದ ಆಚೆ ಪಕ್ಕದವರ ಕೃಷಿಹೊಂಡ. 2014ರಿಂದ ಕೃಷಿಭಾಗ್ಯ ಯೋಜನೆಯಲ್ಲಿ ನಮ್ಮ ಒಣಭೂಮಿಗೆ ಇಂಥ ಹೊಂಡಗಳು ಬಂದವು, ಬೆಳೆಗೆ ಜೀವ ಕೊಟ್ಟವು ಎನ್ನುವುದೂ ಖರೆ. ನೀರು ಇಂಗದಿರಲಿ ಎಂದು ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಇಳಿಜಾರು ಬದಿ, ಪಾಚಿ ಹಿಡಿದ ಹಾಳೆ. ಜಾರಿದರೆ ದೊಡ್ಡವರಿಗೇ ಹಿಡಿತ ಸಿಗದು. ಈ ಹೊಂಡಕ್ಕೆ ಬೇಲಿಯಿರಲಿಲ್ಲ. ಸಣ್ಣ ಮಕ್ಕಳು ಮುಳುಗುವಾಗ ಕೂಗುವುದಿಲ್ಲ, ಕೈ ಬಡಿಯುವ ಸಪ್ಪಳವೂ ಹೆಚ್ಚು ಆಗುವುದಿಲ್ಲ. ಗೆಜ್ಜೆ ಸುಮ್ಮನಾಗುತ್ತದೆ, ಅಷ್ಟೆ.

ಅಂದು ಸಂಜೆ ನಾನು ಎಂದಿನ ಮಾತು ತೆಗೆದೆ. ನಿಮ್ಮ ಕಾಲದಲ್ಲಿ ಇಷ್ಟೆಲ್ಲ ಅಂಜಿಕೆ ಇರಲಿಲ್ಲ, ಬೇವಿನ ಮರಕ್ಕೆ ಜೋಳಿಗೆ ಕಟ್ಟಿ ಕಳೆ ತೆಗೆಯಲು ಹೋಗುತ್ತಿದ್ದಿರಿ, ಎಲ್ಲರೂ ತಾವೇ ಬೆಳೆದರು, ಅಲ್ಲವೇ ಅಂದೆ. ಅವ್ವ ಅಡಿಕೆ ಕತ್ತರಿಸುತ್ತಿದ್ದವಳು ನಿಲ್ಲಿಸಲಿಲ್ಲ. "ಎಲ್ಲಾರೂ ಎಲ್ಲಿ ಬೆಳದ್ರೋ?" ಅಂದಳು. ಆಮೇಲೆ ಒಂದು ಮನೆಯ ಹೆಸರು ಹೇಳಿದಳು, ಒಂದು ಬಾವಿಯ ಹೆಸರು ಹೇಳಿದಳು. ನನ್ನ ವಾರಿಗೆಯ ಹುಡುಗನಂತೆ. ಅವನಿದ್ದ ಎಂಬುದೇ ನನಗೆ ಗೊತ್ತಿರಲಿಲ್ಲ.

*

ಮುಖದ ವಿಷಯ ಒಂದು ಉಳಿದಿದೆ. ಬಿದ್ದ ಕೂಡಲೇ ಮಗಳು ಅಳುವುದಿಲ್ಲ, ಮೊದಲು ನನ್ನನ್ನು ನೋಡುತ್ತಾಳೆ. ಅಳಬೇಕೋ ಬೇಡವೋ ಎಂದು ನನ್ನ ಮುಖದಲ್ಲಿ ಓದುತ್ತಾಳೆ. 1985ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಒಂದು ವರ್ಷದ ಮಕ್ಕಳನ್ನು ಗಾಜಿನ ಮೇಜಿನ ಮೇಲೆ ಬಿಟ್ಟಿದ್ದರು. ನಡುವೆ ನೆಲ ಸ್ವಲ್ಪ ಕುಸಿದಂತೆ ಕಾಣುವ ಜಾಗ, ಆಚೆ ತುದಿಯಲ್ಲಿ ತಾಯಿ. ತಾಯಿ ನಗುಮುಖ ಮಾಡಿದಾಗ 19 ಮಕ್ಕಳಲ್ಲಿ 14 ದಾಟಿದವು. ಅಂಜಿದ ಮುಖ ಮಾಡಿದಾಗ 17ರಲ್ಲಿ ಒಂದೂ ದಾಟಲಿಲ್ಲ. ಮಾತಿಲ್ಲ, ಸನ್ನೆಯಿಲ್ಲ, ಬರೀ ಮುಖ.

ಇದನ್ನು ಓದಿದ ಮೇಲೆ ನಾನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ ಎಂದರೆ ನಗಬೇಡಿ. ನನ್ನ ಮುಖ ಸಹಜವಾಗಿಯೇ ಪರೀಕ್ಷಾ ಮೇಲ್ವಿಚಾರಕನದು. ಈಗ ಅವಳು ಬಿದ್ದಾಗ ನಾನು ಒಳಗೆ ಮೂರು ಎಣಿಸುತ್ತೇನೆ. ಎಣಿಸುವ ಮುಖ ಅಂಜಿದ ಮುಖಕ್ಕಿಂತ ಪರವಾಗಿಲ್ಲ. ಆದರೆ ಭಜಿ ಗಾಡಿಯ ಅರಿವೆಗೆ ಕೈ ಹಾಕಿದ ದಿನ ನಾನು ಮುಖ ಮುಚ್ಚಿಡಲಿಲ್ಲ. ಅಂಜಿದ್ದೇನೆ ಎಂಬುದು ಅವಳಿಗೆ ಪೂರ್ತಿ ಕಾಣಲಿ ಎಂದೇ ಬಿಟ್ಟೆ. ತಾಸಿಗೆ ಹದಿನೇಳು ಸಲ ಅಂಜಿದ್ದರೆ ಆ ದಿನದ ಮುಖಕ್ಕೆ ಬೆಲೆ ಇರುತ್ತಿರಲಿಲ್ಲ.

ಕಳೆದ ತಿಂಗಳು ಅವ್ವ ನಮ್ಮ ಮನೆಗೆ ಬಂದಿದ್ದಾಳೆ, ಮೊಣಕಾಲು ತೋರಿಸಲು. ಮಳೆ ಹೊಳವಾದ ಒಂದು ಸಂಜೆ ಮೂವರೂ ಹೊರಟೆವು. ಮೂಲೆಯ ಗಟಾರದ ಮೇಲೆ ಹಾಸುಗಲ್ಲು ಒದ್ದೆಯಾಗಿತ್ತು, ಒಂದು ಕಲ್ಲು ಅಲುಗುತ್ತದೆ. ಅವ್ವ ಕಾಲಿಡುವ ಮೊದಲೇ ನಾನು ಅವಳ ತೋಳನ್ನು ಗಟ್ಟಿಯಾಗಿ ಹಿಡಿದು ಮೇಲಕ್ಕೆತ್ತಿದೆ.

"ಬಿಡೋ," ಎಂದಳು. "ನೀ ಹಿಡದ್ರ ನನಗ ತೋಲ ತಪ್ಪತೈತಿ. ಕೈ ಕೊಡು, ನಾ ಹಿಡಕೋತೀನಿ."

ತೋಳು ಬಿಟ್ಟು ಮುಂಗೈ ಚಾಚಿದೆ. ಅವಳು ಅದರ ಮೇಲೆ ಭಾರ ಹಾಕಿ, ಒಂದು ಕಾಲಿಟ್ಟು, ಕಲ್ಲು ಅಲುಗುವುದನ್ನು ನೋಡಿಕೊಂಡು, ಇನ್ನೊಂದು ಕಾಲಿಟ್ಟಳು. ಆಗ ನೆನಪಾಯಿತು, ಮಗಳು ನನ್ನ ಬೆರಳು ಬಿಟ್ಟು ಎಷ್ಟು ಹೊತ್ತಾಯಿತು? ತಿರುಗಿ ನೋಡಿದರೆ ಅವಳು ಒದ್ದೆ ಕಲ್ಲಿನ ಮೇಲೆ ಕುಂಡಿ ಊರಿ, ಜಾರುತ್ತ ಜಾರುತ್ತ ಆಚೆ ದಡ ಸೇರಿದ್ದಳು. ಗೋಡೆಯ ಕಡೆಗೇ. ಚಡ್ಡಿಯೆಲ್ಲ ರಾಡಿ.